ಕಲ್ಲಿನ ಮೇಲಿದ್ದ ಸುಳ್ಳು ಏಳು: ನಮ್ಮ ಸಭೆಯ ಚರಿತ್ರೆ ಬರೆದ ನನ್ನ ಅನುಭವ

ನಮ್ಮ ಚರ್ಚಿನ ಬಾಗಿಲ ಬಲಗಡೆ ಗೋಡೆಯಲ್ಲಿ ಒಂದು ಕಲ್ಲಿದೆ. ಪ್ರತಿ ವರ್ಷ ಕ್ರಿಸ್‌ಮಸ್ಸಿಗೆ ಸುಣ್ಣ ಬಣ್ಣ ಆಗುವಾಗ ಅದರ ಅಕ್ಷರಗಳಿಗೆ ಕಪ್ಪು ಪೇಂಟ್ ತುಂಬುತ್ತಾರೆ. ನಾನು ಚಡ್ಡಿ ಹಾಕುವ ವಯಸ್ಸಿನಿಂದ ಅಲ್ಲಿ ಓದಿದ್ದು 1917. ಹಾಗಾಗಿ ನೂರು ವರ್ಷದ ಹಬ್ಬ 2017ಕ್ಕೆ ಅಂತ ಇಡೀ ಸಭೆಯ, ಅಂದರೆ ನಮ್ಮ ಚರ್ಚಿಗೆ ಸೇರಿದ ಎಲ್ಲರ, ಲೆಕ್ಕ.

2010ರ ಮಳೆಗಾಲದ ಒಂದು ಸಂಜೆ ಕರೆಂಟ್ ಹೋಗಿತ್ತು. ಪ್ರಾರ್ಥನೆ ಮುಗಿಸಿ ಹೊರಗೆ ಬಂದು ಚಪ್ಪಲಿ ಹುಡುಕಲು ಟಾರ್ಚ್ ಹಾಕಿದೆ. ಬೆಳಕು ಗೋಡೆಗೆ ಒರಸಿದ ಹಾಗೆ ಪಕ್ಕದಿಂದ ಬಿತ್ತು. ಕೆತ್ತಿದ ಗುಳಿಗಳೆಲ್ಲ ನೆರಳಾಗಿ ಎದ್ದು ಕಂಡವು. ಏಳರ ತಲೆಯ ಮೇಲಿನ ಗೆರೆ ಇದೆಯಲ್ಲ, ಅಲ್ಲಿ ಮಾತ್ರ ಗುಳಿಯೇ ಇರಲಿಲ್ಲ. ಬರೀ ಪೇಂಟ್. ಬೆರಳಿಟ್ಟು ನೋಡಿದೆ, ನುಣ್ಣಗಿತ್ತು. ಕೆತ್ತಿದವನು ಒಂದರ ತಲೆಗೆ ಒಂದು ಸಣ್ಣ ಕೊಕ್ಕೆ ಹಾಕಿದ್ದ. ಯಾವನೋ ಪೇಂಟರ್ ಅದನ್ನು ಎಳೆದು ಏಳು ಮಾಡಿದ್ದಾನೆ. ಮುಂದಿನವರೆಲ್ಲ ಅವನನ್ನೇ ನಂಬಿದ್ದಾರೆ.

1911. ಅಂದರೆ ನೂರು ವರ್ಷಕ್ಕೆ ಇನ್ನು ಬರೀ ಒಂದು ವರ್ಷ.

ಮುಂದಿನ ಭಾನುವಾರ ಕಮಿಟಿಯಲ್ಲಿ ಹೇಳಿದೆ. ಎಲ್ಲರೂ ಎದ್ದು ಹೋಗಿ ಕಲ್ಲು ಮುಟ್ಟಿ ಬಂದರು. ಆಮೇಲೆ ನಮ್ಮ ಅಯ್ಯನವರು, ಅಂದರೆ ಚರ್ಚಿನ ಪಾದ್ರಿಗಳು, ನಗುತ್ತಾ, "ನೀವೇ ಕಂಡುಹಿಡಿದಿದ್ದೀರಿ, ಚರಿತ್ರೆಯನ್ನೂ ನೀವೇ ಬರೆದುಬಿಡಿ" ಅಂದರು. ಬ್ಯಾಂಕಿನಿಂದ ರಿಟೈರ್ ಆಗಿ ಮನೆಯಲ್ಲಿ ಕೂತಿದ್ದವನು ನಾನೊಬ್ಬನೇ. ಬರೆಯೋದು ಗೊತ್ತಿರಲಿಲ್ಲ. ಲೆಡ್ಜರ್ ಓದೋದು ಗೊತ್ತಿತ್ತು. ಕೊನೆಗೆ ಕೆಲಸಕ್ಕೆ ಬಂದಿದ್ದೂ ಅದೇ.

ನಮ್ಮದು ಕೋಲಾರ ಜಿಲ್ಲೆಯ ಒಂದು ಸಣ್ಣ ಊರಿನ ಮೆಥೊಡಿಸ್ಟ್ ಸಭೆ, ಅಂದರೆ ಇಂಗ್ಲೆಂಡಿನ ಜಾನ್ ವೆಸ್ಲಿಯವರಿಂದ ಶುರುವಾದ ಪ್ರಾಟೆಸ್ಟೆಂಟ್ ಪಂಗಡದ್ದು. ಈಗ ಸುಮಾರು ಅರವತ್ತು ಮನೆ. ಊರಿನ ಹೆಸರು ಬೇಡ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಮೊದಲ ತಪ್ಪು ನಾನು ಶುರುವಿನಲ್ಲೇ ಮಾಡಿದೆ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಹಳೆಯ ಮಿಷನ್ ಕಾಗದಗಳ ಸಂಗ್ರಹ ಇದೆ ಅಂತ ಕೇಳಿದ್ದೆ. 1910ರಲ್ಲಿ ಶುರುವಾದ ಕಾಲೇಜು. ಅಯ್ಯನವರ ಪತ್ರ ಹಿಡಿದುಕೊಂಡು ಹೋಗಿ, "ಮೆಥೊಡಿಸ್ಟ್ ರಿಪೋರ್ಟು ಬೇಕು" ಅಂದೆ. ಕೇಳಿದ್ದನ್ನು ಕೊಟ್ಟರು. ಮೂರು ದಿನ ಬಸ್ಸಿನಲ್ಲಿ ಹೋಗಿ ಬಂದು ಓದಿದೆ. ಗುಬ್ಬಿ ಇದೆ, ತುಮಕೂರು ಇದೆ, ಮೈಸೂರು ಇದೆ, ಹಾಸನ ಇದೆ. ನಮ್ಮೂರು ಮಾತ್ರ ಇಲ್ಲ. ಪಕ್ಕದಲ್ಲಿ ಓದುತ್ತಿದ್ದ ಒಬ್ಬ ಹುಡುಗ, "ಅಂಕಲ್, ಇದು ವೆಸ್ಲಿಯನ್ ಮಿಷನ್ನಿನದು. ನಿಮ್ಮದು ಅಮೆರಿಕದವರದಲ್ವಾ?" ಅಂದ. ಅರವತ್ತು ವರ್ಷ ಮೆಥೊಡಿಸ್ಟ್ ಆಗಿದ್ದವನಿಗೆ ಎರಡು ಬಗೆಯ ಮೆಥೊಡಿಸ್ಟರು ಇದ್ದರು ಅನ್ನುವುದು ಗೊತ್ತಿರಲಿಲ್ಲ.

ನಿಮ್ಮ ಸಭೆಯ ಚರಿತ್ರೆ ಬರೆಯಲು ಹೊರಟಿದ್ದರೆ ಇದನ್ನೇ ಮೊದಲು ತಿಳಿದುಕೊಳ್ಳಿ. ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ 1821ರಲ್ಲೇ ಬೆಂಗಳೂರಿಗೆ ಬಂತು. ಅವರ ಕನ್ನಡದ ಕೆಲಸ ಜೋರಾಗಿದ್ದು 1830ರ ದಶಕದಲ್ಲಿ, ಥಾಮಸ್ ಹಾಡ್ಸನ್ ಅನ್ನುವವರು ಗುಬ್ಬಿಗೆ ಹೋಗಿ ಕೂತ ಮೇಲೆ. ಆಮೇಲೆ ಮೈಸೂರು, ತುಮಕೂರು, ಹಾಸನ, ಶಿವಮೊಗ್ಗ. ಆ ಸಭೆಗಳೆಲ್ಲ 1947ರ ಸೆಪ್ಟೆಂಬರ್ 27ರಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಒಳಗೆ ಸೇರಿಬಿಟ್ಟವು. ಅವರ ಬೋರ್ಡಿನಲ್ಲಿ ಈಗ ಮೆಥೊಡಿಸ್ಟ್ ಅನ್ನುವ ಪದವೇ ಇರಲ್ಲ. ನಮ್ಮ ಮೈಸೂರಿನ ಬೀಗರು ಅಪ್ಪಟ ವೆಸ್ಲಿ ಮಿಷನ್ನಿನ ಮನೆತನ. ಆದರೆ "ನೀವು ಮೆಥೊಡಿಸ್ಟರು, ನಾವು ಸಿ.ಎಸ್.ಐ." ಅಂತ ನಮಗೇ ಹೇಳುತ್ತಾರೆ.

ಅಮೆರಿಕದವರು ಬಂದದ್ದು ಐವತ್ತು ವರ್ಷ ತಡವಾಗಿ. ವಿಲಿಯಂ ಟೇಲರ್ ಅನ್ನುವ ಬೋಧಕರು 1870ರ ದಶಕದಲ್ಲಿ ಊರೂರು ತಿರುಗಿ ಸಭೆ ಕಟ್ಟಿದರು. ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳು ಅವರ ಕಡೆಯವು, 1880ರವು. ಬೀದರದ ಕಡೆ ಕೆಲಸ ಮಾಡಿದ್ದು ಇವರೇ. ಬೆಳಗಾವಿಯಲ್ಲಿ 1820ರಿಂದ ಲಂಡನ್ ಮಿಷನ್ ಇತ್ತು, 1904ರಲ್ಲಿ ಇವರ ಕೈಗೆ ಬಂತು. ಇವರು ಸಿ.ಎಸ್.ಐ. ಸೇರಲಿಲ್ಲ. 1981ರಿಂದ ಮೆಥೊಡಿಸ್ಟ್ ಚರ್ಚ್ ಇನ್ ಇಂಡಿಯಾ ಅಂತ ಸ್ವತಂತ್ರವಾಗಿ ನಡೆಯುತ್ತಿದ್ದಾರೆ. ಕೋಲಾರವೂ ಈ ಸಾಲಿನದೇ. ಆದರೆ ಕೋಲಾರದ ಕಥೆ ಅಮೆರಿಕದವರಿಂದ ಶುರುವಾಗಲ್ಲ. ಬರದಿಂದ ಶುರುವಾಗುತ್ತೆ.

ಧಾತು ಈಶ್ವರ ಕ್ಷಾಮ ಅಂತ ನಮ್ಮ ಕಡೆ ಹಿರಿಯರು ಹೇಳುತ್ತಿದ್ದರು. 1876ರಿಂದ 78ರವರೆಗಿನ ಬರ. ಮೈಸೂರು ಸಂಸ್ಥಾನದ ಜನಗಣತಿ ನೋಡಿ: 1871ರಲ್ಲಿ 50,55,412 ಜನ. 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಹೆಚ್ಚಬೇಕಾದದ್ದು 8,69,224 ಕಡಿಮೆಯಾಗಿದೆ. ಬ್ಯಾಂಕಿನಲ್ಲಿ ಇಂಥ ವ್ಯತ್ಯಾಸ ಕಂಡರೆ ಕೈಕಾಲು ತಣ್ಣಗಾಗುತ್ತೆ. ಇಲ್ಲಿ ಅದು ಜನ. ಆಗ ಲೂಯಿಸಾ ಆನ್‌ಸ್ಟಿ ಅನ್ನುವ ಇಂಗ್ಲಿಷ್ ಹೆಣ್ಣುಮಗಳು ಕೋಲಾರದಲ್ಲಿ ಅನಾಥ ಮಕ್ಕಳನ್ನು ಸೇರಿಸಿಕೊಂಡು ಸಾಕಿದರು. 1890ರಲ್ಲಿ ಆ ಇಡೀ ಕೆಲಸವನ್ನು ಅಮೆರಿಕನ್ ಮೆಥೊಡಿಸ್ಟರಿಗೆ ವಹಿಸಿಕೊಟ್ಟರು. ನಮ್ಮ ಕಡೆಯ ಜನ ಈಗಲೂ ದೊಡ್ಡ ಕಾಯಿಲೆ ಬಂದರೆ ಹೋಗುವ ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆ ಆಮೇಲೆ, 1910ರ ಹೊತ್ತಿಗೆ ಅಲ್ಲೇ ಬೆಳೆದದ್ದು.

ಇಷ್ಟು ಪುಸ್ತಕಗಳಲ್ಲಿ ಸಿಗುತ್ತೆ. ನಮ್ಮೂರು ಸಿಕ್ಕಿದ್ದು ರಿಜಿಸ್ಟರಿನಲ್ಲಿ.

ಚರ್ಚಿನ ಕಬ್ಬಿಣದ ಪೆಟ್ಟಿಗೆಯಲ್ಲಿ ನಾಲ್ಕು ರಿಜಿಸ್ಟರ್ ಇದ್ದವು. ದೀಕ್ಷಾಸ್ನಾನದ್ದು (ಬ್ಯಾಪ್ಟಿಸಂ) ಎರಡು, ಮದುವೆಯದ್ದು ಒಂದು, ಸಮಾಧಿಯದ್ದು ಒಂದು. ಹಳೆಯ ದೀಕ್ಷಾಸ್ನಾನದ ಪುಸ್ತಕವನ್ನು ಯಾರೋ ಒಳ್ಳೆಯ ಮನಸ್ಸಿನಿಂದಲೇ ಸೆಲೋಟೇಪ್ ಹಚ್ಚಿ ರಿಪೇರಿ ಮಾಡಿದ್ದರು. ಟೇಪ್ ಕಂದು ಬಣ್ಣಕ್ಕೆ ತಿರುಗಿ, ಅದರ ಕೆಳಗಿನ ಶಾಯಿ ಟೇಪಿಗೇ ಅಂಟಿ ಎದ್ದು ಬಂದಿತ್ತು. ಹನ್ನೆರಡು ಹೆಸರು ಹೋದವು. ದಯವಿಟ್ಟು ಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ನಾನು ಮಾಡಿದ್ದು ಇಷ್ಟೇ: ಕಿಟಕಿ ಪಕ್ಕ ಮೇಜು ಹಾಕಿ, ಬಿಸಿಲು ನೇರ ಬೀಳದ ಕಡೆ ಪುಸ್ತಕ ಇಟ್ಟು, ಮಗಳ ಕ್ಯಾಮೆರಾದಲ್ಲಿ ಫ್ಲ್ಯಾಶ್ ಇಲ್ಲದೆ ಒಂದೊಂದು ಪುಟದ ಫೋಟೋ ತೆಗೆದೆ. ಆಮೇಲೆ ಪುಸ್ತಕವನ್ನು ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಗೆ ವಾಪಸ್ ಇಟ್ಟೆ. ಓದಿದ್ದೆಲ್ಲ ಫೋಟೋದಿಂದ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಪುಸ್ತಕದಲ್ಲಿ ಕಾಣದ್ದೂ ಕಾಣುತ್ತೆ.

ಒಂದು ಸಾಲು ಹೇಳುತ್ತೇನೆ. ಮದುವೆ ರಿಜಿಸ್ಟರಿನ ಮೊದಲ ಪುಟ, 1893. ಇಂಗ್ಲಿಷಿನಲ್ಲಿ ಓರೆ ಅಕ್ಷರ, ನೀಲಿ ಶಾಯಿ ಕಂದಾಗಿದೆ. ಗಂಡಿನ ಹೆಸರು, ವಯಸ್ಸು 22, ಕೆಲಸ ಬಡಗಿ. ತಂದೆಯ ಹೆಸರಿನ ಕಾಲಂನಲ್ಲಿ ಒಂದು ಅಡ್ಡ ಗೆರೆ. ಹೆಣ್ಣಿನ ಹೆಸರು ಬೈಬಲ್ಲಿನದು, ವಯಸ್ಸು 16. ಆಕೆಯ ತಂದೆಯ ಕಾಲಂನಲ್ಲೂ ಅಡ್ಡ ಗೆರೆ. ಕೆಳಗಿನ ಮದುವೆ: ಎರಡು ಗೆರೆ. ಅದರ ಕೆಳಗಿನದು: ಎರಡು ಗೆರೆ. ನನಗೆ ಮೊದಲು ಸಿಟ್ಟು ಬಂತು. ಏನಪ್ಪಾ, ಕ್ಲರ್ಕ್ ಸೋಮಾರಿ, ಕಾಲಂ ತುಂಬಿಲ್ಲ ಅಂತ. ಎರಡು ದಿನ ಆದ ಮೇಲೆ ಸ್ನಾನ ಮಾಡುವಾಗ ತಲೆಗೆ ಬಂತು. 1893ರಿಂದ 16 ಕಳೆದರೆ 1877. 22 ಕಳೆದರೆ 1871. ಇವರೆಲ್ಲ ಬರದ ಮಕ್ಕಳು. ತಂದೆಯ ಹೆಸರು ಬರೆದುಕೊಳ್ಳಲು ಹೇಳುವವರು ಯಾರೂ ಉಳಿದಿರಲಿಲ್ಲ. ಕೋಲಾರದಲ್ಲಿ ಬೆಳೆದು, ಕೈಕೆಲಸ ಕಲಿತು, ಒಬ್ಬರನ್ನೊಬ್ಬರು ಮದುವೆಯಾಗಿ, ಮಿಷನ್ ಕೊಟ್ಟ ಜಾಗದಲ್ಲಿ ನಮ್ಮೂರಿಗೆ ಬಂದು ನೆಲೆ ನಿಂತವರು.

ಆ ಅಡ್ಡ ಗೆರೆಗಳೇ ನಮ್ಮ ಸಭೆಯ ಶುರು. ಕಲ್ಲು ಬಂದದ್ದು ಹದಿನೆಂಟು ವರ್ಷ ಆದ ಮೇಲೆ.

ಅಲ್ಲಿಂದ ಮುಂದೆ ನಾನು ರಿಜಿಸ್ಟರ್ ಓದುವ ರೀತಿ ಬದಲಾಯಿತು. ಬರೆದದ್ದಕ್ಕಿಂತ ಬಿಟ್ಟದ್ದು ನೋಡುವುದು. ಸಮಾಧಿಯ ಪುಸ್ತಕದಲ್ಲಿ ವರ್ಷಕ್ಕೆ ಮೂರೋ ನಾಲ್ಕೋ ಹೆಸರು. 1918ರ ಅಕ್ಟೋಬರ್ ಕೊನೆಯಿಂದ ಮೂರು ವಾರದಲ್ಲಿ 11 ಹೆಸರು. ಕಾರಣ ಅಂತ ಎಲ್ಲದಕ್ಕೂ ಒಂದೇ ಪದ, ಜ್ವರ. ಪ್ರಪಂಚವನ್ನೆಲ್ಲ ಸುತ್ತಿದ ಇನ್‌ಫ್ಲುಯೆಂಜಾ ನಮ್ಮ ಸಣ್ಣ ಊರಿಗೂ ಬಂದಿತ್ತು. ಹನ್ನೊಂದನೆಯ ಹೆಸರಿನ ಮೇಲೆ ಕೈಬರಹ ಬದಲಾಗುತ್ತೆ. ಹತ್ತು ಹೆಸರು ಬರೆದ ಉಪದೇಶಿಯೇ, ಅಂದರೆ ಊರಿನಲ್ಲೇ ಇದ್ದು ಸಭೆಗೆ ಬೋಧಿಸುತ್ತಿದ್ದವರೇ, ಹನ್ನೊಂದನೆಯವರು.

ತಾರೀಖು ಇಲ್ಲದ ಕಾಗದಗಳು ಒಂದು ಗೋಣಿಚೀಲದಷ್ಟಿದ್ದವು. ರಸೀದಿ, ಪತ್ರ, ಕಾಣಿಕೆಯ ಪಟ್ಟಿ. ಅವುಗಳನ್ನು ಕಾಲದ ಪ್ರಕಾರ ಜೋಡಿಸಲು ನಾನು ಕಂಡುಕೊಂಡ ಉಪಾಯ ನಿಮಗೂ ಉಪಯೋಗಕ್ಕೆ ಬಂದೀತು. ಕಾಗದದ ತಲೆಬರಹದಲ್ಲಿ "ಮೆಥೊಡಿಸ್ಟ್ ಎಪಿಸ್ಕೋಪಲ್ ಚರ್ಚ್" ಅಂತ ಅಚ್ಚಾಗಿದ್ದರೆ ಅದು ಹೆಚ್ಚುಕಡಿಮೆ 1939ಕ್ಕಿಂತ ಹಿಂದಿನದು. ಆ ವರ್ಷ ಅಮೆರಿಕದಲ್ಲಿ ಮೂರು ಮೆಥೊಡಿಸ್ಟ್ ಸಭೆಗಳು ಒಂದಾಗಿ ಎಪಿಸ್ಕೋಪಲ್ ಅನ್ನುವ ಪದ ಬಿದ್ದುಹೋಯಿತು. "ಮೆಥೊಡಿಸ್ಟ್ ಚರ್ಚ್ ಇನ್ ಸದರ್ನ್ ಏಷ್ಯಾ" ಅಂತ ಇದ್ದರೆ ಅದರ ನಂತರದ್ದು, 1981ರ ಒಳಗಿನದು. ಲೆಕ್ಕದಲ್ಲಿ ರೂಪಾಯಿ, ಆಣೆ, ಪೈ ಮೂರು ಕಾಲಂ ಇದ್ದರೆ 1957ರ ಏಪ್ರಿಲ್‌ಗಿಂತ ಮುಂಚೆ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ಆದ ಮೇಲೆ. ಮೈಸೂರು ರಾಜ್ಯ ಅಂತ ಇದ್ದರೆ 1973ರ ನವೆಂಬರ್‌ಗೆ ಮುಂಚೆ. ಒಂದು ಎಚ್ಚರಿಕೆ: ನಮ್ಮ ಜನ ಹಳೆಯ ಲೆಟರ್‌ಹೆಡ್ ಖಾಲಿಯಾಗುವ ತನಕ ಬಿಡಲ್ಲ. ಎಪಿಸ್ಕೋಪಲ್ ಕಾಗದದ ಮೇಲೆ ನಯಾಪೈಸೆ ಲೆಕ್ಕ ಬರೆದದ್ದೂ ಸಿಕ್ಕಿತು. ಹಾಗಾಗಿ ಒಂದೇ ಗುರುತು ನಂಬಬೇಡಿ, ಎರಡು ತಾಳೆಯಾಗಬೇಕು.

ಲೆಕ್ಕದ ಪುಸ್ತಕ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಅದರಲ್ಲಿ "ಕ್ಲಾಸ್ ಹಣ" ಅಂತ ಒಂದು ಬಾಬ್ತು. ಸಭೆಯನ್ನು ಹತ್ತು ಹನ್ನೆರಡು ಜನರ ಗುಂಪು ಮಾಡಿ, ಒಬ್ಬೊಬ್ಬ ಲೀಡರ್ ವಾರಕ್ಕೊಮ್ಮೆ ತನ್ನ ಗುಂಪಿನವರ ಮನೆಗೆ ಹೋಗಿ ಕ್ಷೇಮ ಕೇಳಿ, ಕಾಣಿಕೆ ತರುವುದು. ನಾವು ಇದನ್ನು ದೊಡ್ಡ ಆತ್ಮಿಕ ಏರ್ಪಾಡು ಅಂತ ಸಂಡೇ ಸ್ಕೂಲಿನಲ್ಲಿ ಕಲಿತಿದ್ದೆವು. ಮೂಲ ಹುಡುಕಿದರೆ ಜಾನ್ ವೆಸ್ಲಿಯವರು 1742ರಲ್ಲಿ ಬ್ರಿಸ್ಟಲ್ ಊರಿನ ಕಟ್ಟಡದ ಸಾಲ ತೀರಿಸಲು ತಲೆಗೆ ವಾರಕ್ಕೊಂದು ಪೆನ್ನಿ ಎತ್ತಲು ಮಾಡಿದ ವ್ಯವಸ್ಥೆ ಅದು! ಹಣ ಕೇಳಲು ಹೋದವರು ಮನೆಮನೆಯ ಕಷ್ಟಸುಖ ಕಂಡು ಬಂದರು, ಅದೇ ಸಭೆಯ ಬೆನ್ನೆಲುಬಾಯಿತು. ಸಾಲ ವಸೂಲಿಗೆ ಹಳ್ಳಿಹಳ್ಳಿ ತಿರುಗಿದ ನನಗೆ ಇದನ್ನು ಓದಿ ಏನು ಖುಷಿಯಾಯಿತು ಅಂತೀರಿ.

ನಮ್ಮೂರಿನಲ್ಲಿ ಪೆನ್ನಿ ಎಲ್ಲಿಂದ ಬರಬೇಕು? ಪುಸ್ತಕದಲ್ಲಿ ಇರುವುದು ರಾಗಿ. ಹೆಂಗಸರು ಹಿಟ್ಟಿಗೆ ರಾಗಿ ತೆಗೆಯುವಾಗ ದಿನಕ್ಕೊಂದು ಹಿಡಿ ಬೇರೆ ಮಡಕೆಗೆ ಹಾಕುತ್ತಿದ್ದರು. ತಿಂಗಳ ಕೊನೆಗೆ ಲೀಡರ್ ಅದನ್ನು ಸೇರಿಸಿ ಸಂತೆಯಲ್ಲಿ ಮಾರುತ್ತಿದ್ದರು. "ಹಿಡಿರಾಗಿ ಮಾರಿದ ಬಾಬ್ತು" ಅಂತ ತಿಂಗಳು ತಿಂಗಳೂ ಬರುತ್ತೆ. ಮಳೆ ಕೈಕೊಟ್ಟ ವರ್ಷ ಆ ಸಾಲು ಸಣ್ಣಗಾಗುತ್ತೆ, ಆದರೆ ನಿಲ್ಲಲ್ಲ. ಒಂದು ವರ್ಷ ಮಿಷನ್ನಿನಿಂದ ಬರುವ ಹಣವೇ ಬಂದಿಲ್ಲ, ಹಿಡಿರಾಗಿ ಬಂದಿದೆ. ಚರ್ಚು ಅಮೆರಿಕದ ದುಡ್ಡಿನಲ್ಲಿ ಕಟ್ಟಿದ್ದು ಅಂತ ಊರಿನಲ್ಲಿ ಆಡಿಕೊಳ್ಳುತ್ತಾರೆ. ಗೋಡೆ ಅವರದೇ ಇರಬಹುದು, ನನ್ನ ತಕರಾರಿಲ್ಲ. ಉಪದೇಶಿಯ ಸಂಬಳದ ಒಂದು ಪಾಲು ನಮ್ಮ ಅಜ್ಜಿಯರ ಮಡಕೆಯಿಂದ ಬಂತು.

ಇನ್ನೊಂದು ಕಡೆ ಲೆಕ್ಕದವನಾಗಿದ್ದೂ ನಾನು ಎಡವಿದೆ. ಕಾನ್ಫರೆನ್ಸಿನ, ಅಂದರೆ ಒಂದು ಪ್ರದೇಶದ ಮೆಥೊಡಿಸ್ಟ್ ಸಭೆಗಳ ಒಕ್ಕೂಟದ, ವಾರ್ಷಿಕ ವರದಿಯಲ್ಲಿ ಪ್ರತಿ ಸಭೆಯ ಅಂಕಿ ಇರುತ್ತೆ. ನಾನು "ಪೂರ್ಣ ಸದಸ್ಯರು" ಕಾಲಂ ಮಾತ್ರ ತೆಗೆದುಕೊಂಡು ಗ್ರಾಫ್ ಹಾಕಿದೆ. ಒಂದು ವರ್ಷ ಇದ್ದಕ್ಕಿದ್ದಂತೆ ಸಂಖ್ಯೆ ಅರ್ಧಕ್ಕರ್ಧ ಇಳಿದಿತ್ತು. ಆ ವರ್ಷ ಸಭೆಯಲ್ಲಿ ಜಗಳ ಆಗಿರಬೇಕು ಅಂತ ಎರಡು ಪುಟ ಬರೆದುಬಿಟ್ಟೆ. ಜಗಳ ನಮ್ಮಲ್ಲಿ ಹೊಸದೇನಲ್ಲವಲ್ಲ! ಆಮೇಲೆ ನೋಡಿದರೆ ಪಕ್ಕದಲ್ಲೇ "ಪ್ರೊಬೇಷನರ್" ಅಂತ ಇನ್ನೊಂದು ಕಾಲಂ. ಹಳೆಯ ಮೆಥೊಡಿಸ್ಟ್ ಪದ್ಧತಿಯಲ್ಲಿ ಹೊಸದಾಗಿ ಸೇರಿದವರು ಮೊದಲು ಪರೀಕ್ಷಾ ಅವಧಿಯಲ್ಲಿ ಇರಬೇಕು, ಆಮೇಲೇ ಪೂರ್ಣ ಸದಸ್ಯರು. ಆ ವರ್ಷ ಬಂದ ಹೊಸ ಪಾಲಕರು (ಪಾದ್ರಿಗಳು) ಕಟ್ಟುನಿಟ್ಟಿನವರು, ಅರ್ಧ ಜನರನ್ನು ಆ ಕಾಲಂಗೆ ದಬ್ಬಿದ್ದರು. ಜನ ಎಲ್ಲೂ ಹೋಗಿರಲಿಲ್ಲ. ಎರಡು ಪುಟ ಹರಿದೆ. ಕಾಲಂ ತಲೆಬರಹ ಪೂರ್ತಿ ಓದದೆ ಚರಿತ್ರೆ ಬರೆದರೆ ಇಲ್ಲದ ಜಗಳ ಹುಟ್ಟುತ್ತೆ.

ಪಾಲಕರ ಪಟ್ಟಿ ಮಾಡುವುದು ಸುಲಭ ಅಂದುಕೊಂಡಿದ್ದೆ. ಮೆಥೊಡಿಸ್ಟರಲ್ಲಿ ಪಾಲಕರು ಒಂದು ಕಡೆ ಬೇರು ಬಿಡುವ ಹಾಗಿಲ್ಲ. ವರ್ಷಕ್ಕೊಮ್ಮೆ ಕಾನ್ಫರೆನ್ಸ್ ಸೇರುತ್ತೆ, ಕೊನೆಯ ದಿನ ಬಿಷಪ್ಪರು ಯಾರು ಯಾವ ಊರಿಗೆ ಅಂತ ಓದುತ್ತಾರೆ, ಪೆಟ್ಟಿಗೆ ಕಟ್ಟಬೇಕು. ಇದರಿಂದ ಒಂದು ತೊಂದರೆ, ಒಂದು ಲಾಭ. ತೊಂದರೆ ಏನಂದರೆ ಸಭೆಯ ಕಾಗದಪತ್ರ ಪಾಲಕರ ಪೆಟ್ಟಿಗೆಯ ಜೊತೆ ಊರು ಬಿಡುತ್ತೆ. ನಮ್ಮ 1940ರ ದಶಕದ ಒಂದು ರಿಜಿಸ್ಟರ್ ಬೇರೆ ಜಿಲ್ಲೆಯ ಒಂದು ಮನೆಯಲ್ಲಿ ಸಿಕ್ಕಿತು, ಅಕ್ಕಿ ಡಬ್ಬದ ಪಕ್ಕ. ಕೇಳಿದ ಕೂಡಲೇ ಕೊಟ್ಟರು. ಪಾಪ, ಅವರಿಗೆ ಅದು ಏನು ಅಂತಲೇ ಗೊತ್ತಿರಲಿಲ್ಲ. ಲಾಭ ಏನಂದರೆ ಆ ನೇಮಕದ ಪಟ್ಟಿ ಪ್ರತಿ ವರ್ಷ ಅಚ್ಚಾಗುತ್ತೆ. ದಕ್ಷಿಣ ಭಾರತ ಕಾನ್ಫರೆನ್ಸ್ 1876ರಲ್ಲೇ ಶುರುವಾದದ್ದು. ಇಲ್ಲಿ ಸಿಗದ ವರ್ಷಗಳಿಗೆ ಅಮೆರಿಕದ ನ್ಯೂಜೆರ್ಸಿಯ ಡ್ರೂ ವಿಶ್ವವಿದ್ಯಾಲಯದಲ್ಲಿ ಇರುವ ಮೆಥೊಡಿಸ್ಟ್ ದಾಖಲೆ ಕೇಂದ್ರಕ್ಕೆ ಇಮೇಲ್ ಮಾಡಿದೆ. ಇಂಥ ವರ್ಷ, ಇಂಥ ಜಿಲ್ಲೆ ಅಂತ ಖಚಿತವಾಗಿ ಕೇಳಿ. "ನಮ್ಮ ಚರ್ಚಿನ ಬಗ್ಗೆ ಇರುವುದೆಲ್ಲ ಕಳಿಸಿ" ಅಂತ ಕೇಳಿದರೆ ಯಾರು ತಾನೇ ಏನು ಕಳಿಸಿಯಾರು?

ಹೆಂಗಸರ ಕಥೆಗೆ ಬೇರೆ ದಾರಿ. ಅಮೆರಿಕದ ಮೆಥೊಡಿಸ್ಟ್ ಹೆಂಗಸರು 1869ರಲ್ಲಿ ಬಾಸ್ಟನ್ನಿನಲ್ಲಿ ತಮ್ಮದೇ ಒಂದು ಮಿಷನ್ ಸಂಘ ಕಟ್ಟಿಕೊಂಡಿದ್ದರು. ಮಿಸ್ಸಮ್ಮನವರು ಅಂತ ನಮ್ಮವರು ಕರೆಯುತ್ತಿದ್ದ ಮದುವೆಯಾಗದ ಹೆಣ್ಣುಮಕ್ಕಳೆಲ್ಲ ಆ ಸಂಘದವರು. ಅವರ ವರದಿಗಳೇ ಬೇರೆ. ಗಂಡಸರ ವರದಿಯಲ್ಲಿ ಬರೀ ಕಟ್ಟಡ, ಅಂಕಿ. ಇವರದರಲ್ಲಿ ಬಾಣಂತಿ, ಬಾವಿ, ಓದು ಕಲಿಯುವ ಸೊಸೆ, ಬೈಯುವ ಅತ್ತೆ. ಆದರೆ ಅವರ ಜೊತೆ ಮನೆಮನೆಗೆ ಹೋಗುತ್ತಿದ್ದ ನಮ್ಮೂರ ಹೆಂಗಸರಿಗೆ ಅದರಲ್ಲಿ ಹೆಸರಿಲ್ಲ. "ಬೈಬಲ್ ವುಮನ್, 2" ಅಂತ ಅಷ್ಟೇ.

ಆ ಇಬ್ಬರಲ್ಲಿ ಒಬ್ಬರ ಮಗಳು ಬದುಕಿದ್ದರು. ತೊಂಬತ್ತು ದಾಟಿತ್ತು. ಕೆ.ಜಿ.ಎಫ್.ನಲ್ಲಿ ಮೊಮ್ಮಗನ ಮನೆಯಲ್ಲಿ ಇದ್ದರು. ನಾನು ಟೇಪ್ ರೆಕಾರ್ಡರ್ ಇಟ್ಟು, "ಅಜ್ಜಿ, ನಿಮ್ಮ ತಾಯಿ ಕೆಲಸಕ್ಕೆ ಸೇರಿದ್ದು ಯಾವ ವರ್ಷ?" ಅಂತ ಶುರು ಮಾಡಿದೆ. ಅಜ್ಜಿ ಮುಖ ನೋಡಿ, "ಯಾಕ್ ಮಗಾ, ಪೆನ್ಷನ್ ಕೊಡಿಸ್ತೀಯಾ?" ಅಂದರು. ಬಿದ್ದು ಬಿದ್ದು ನಕ್ಕೆವು. ರೆಕಾರ್ಡರ್ ಒಳಗಿಟ್ಟೆ.

ವರ್ಷ ಕೇಳಬಾರದು. ಇದನ್ನು ನಾನು ಅವರಿಂದ ಕಲಿತೆ. "ಗಾಂಧಿ ಸತ್ತಾಗ ನಿಮಗೆ ಎಷ್ಟು ಮಕ್ಕಳು?" ಅಂತ ಕೇಳಿ. "ನೀವು ಋತುವಾದಾಗ ತಾಯಿ ಇನ್ನೂ ಕೆಲಸಕ್ಕೆ ಹೋಗುತ್ತಿದ್ದರಾ?" ಅಂತ ನನ್ನ ಹೆಂಡತಿ ಕೇಳಿದಳು. ಮೂರು ಪ್ರಶ್ನೆಯಲ್ಲಿ ವರ್ಷ ಸಿಕ್ಕಿತು, ಸಂಬಳದ ಪುಸ್ತಕಕ್ಕೂ ತಾಳೆಯಾಯಿತು. ಹೆಂಗಸರನ್ನು ಮಾತಾಡಿಸಲು ಹೋಗುವಾಗ ಮನೆಯವರನ್ನು ಕರೆದುಕೊಂಡು ಹೋಗಿ. ನನ್ನೆದುರು ಬಾರದ ಮಾತು ಅವಳೆದುರು ಬಂತು.

ಅಜ್ಜಿ ಹೇಳಿದ ಒಂದು ವಿಷಯ ಯಾವ ವರದಿಯಲ್ಲೂ ಇಲ್ಲ. ಅವರ ತಾಯಿ ಹೊರಡುವಾಗ ಚೀಲದಲ್ಲಿ ಸತ್ಯವೇದದ ಜೊತೆ ಒಂದು ಕತ್ತರಿ, ಕಾಯಿಸಿದ ಬಟ್ಟೆ, ಒಂದು ಸೀಸೆ ಹರಳೆಣ್ಣೆ ಇರುತ್ತಿತ್ತಂತೆ. "ಹೆರಿಗೆ ಮಾಡ್ಸಿ ಕೈ ತೊಳ್ಕೊಂಡ್ ಮೇಲೆನೇ ಪುಸ್ತಕ ತೆಗೀತಿದ್ದಿದ್ದು. ಮೊದ್ಲೇ ತೆಗೆದ್ರೆ ಯಾರು ಒಳಕ್ಕೆ ಬಿಡ್ತಾರೆ?"

ಈಗ ಕಷ್ಟದ ವಿಷಯ. ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ "ಹಿಂದಿನ ಜಾತಿ" ಅಂತ ಒಂದು ಕಾಲಂ ಇದೆ. ನಮ್ಮ ಸಭೆಯ ಹೆಚ್ಚಿನ ಮನೆಗಳು ದಲಿತ ಕೇರಿಗಳಿಂದ ಬಂದವು, ಬರದ ಮಕ್ಕಳಲ್ಲಿ ಎಲ್ಲ ಥರದವರೂ ಇದ್ದರು. ನನ್ನ ಮೊದಲ ಕರಡಿನಲ್ಲಿ ಮನೆತನಗಳ ಪಟ್ಟಿ ಹಾಕಿದ್ದೆ, ಯಾರು ಎಲ್ಲಿಂದ ಬಂದರು ಅಂತ. ಹೆಮ್ಮೆಯಿಂದಲೇ ಹಾಕಿದ್ದೆ. ಒಂದು ಮನೆಯವರು ರಾತ್ರಿ ಬಂದು, "ಅಣ್ಣಾ, ನಮ್ಮ ಮುತ್ತಾತ ಅನಾಥಾಶ್ರಮದೋರು ಅಂತ ಹಾಕ್ಬೇಡಿ, ಮಗಳಿಗೆ ಸಂಬಂಧ ನೋಡ್ತಿದೀವಿ" ಅಂದರು. ಇನ್ನೊಬ್ಬರ ತಾಪತ್ರಯ ಬೇರೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ಕ್ರೈಸ್ತರಾದ ದಲಿತರಿಗೆ ಜಾಗವಿಲ್ಲ. ಆಮೇಲೆ ಸಿಖ್ಖರನ್ನು, ಬೌದ್ಧರನ್ನು ಸೇರಿಸಿದರು, ನಮ್ಮವರನ್ನು ಸೇರಿಸಲಿಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಶಾಲೆಯಲ್ಲಿ ಒಂದು ಹೆಸರು, ಚರ್ಚಿನಲ್ಲಿ ಒಂದು ಹೆಸರು. ಒಂದು ಫೋಟೋದ ಕೆಳಗೆ ನಾನು ಹೆಸರು ಅಚ್ಚು ಹಾಕಿಸಿದರೆ ಯಾರದೋ ಮೊಮ್ಮಗನ ಕೆಲಸಕ್ಕೆ ಕುತ್ತು ಬಂದೀತು. ಇದು ಸರಿಯೋ ತಪ್ಪೋ ಅನ್ನುವ ವಾದಕ್ಕೆ ನಾನು ಹೋಗಲ್ಲ. ಆ ಕಾನೂನಿನ ಬಗ್ಗೆ ನನಗೆ ಸಿಟ್ಟಿದೆ, ಆ ಮನೆಯವರ ಬಗ್ಗೆ ಇಲ್ಲ.

ಪಟ್ಟಿ ತೆಗೆದೆ. ಸಭೆ ಯಾವ ಕೇರಿಗಳಿಂದ ಬಂತು ಅಂತ ಒಟ್ಟಾರೆಯಾಗಿ, ಮುಚ್ಚುಮರೆ ಇಲ್ಲದೆ ಒಂದು ಅಧ್ಯಾಯ ಬರೆದೆ. ಬದುಕಿರುವವರ ಹೆಸರು, ಅವರ ಅಪ್ಪ ಅಮ್ಮಂದಿರ ಹೆಸರು ಮನೆಯವರು ಒಪ್ಪಿದರೆ ಮಾತ್ರ. ಒಂಬತ್ತು ಮನೆ ಬೇಡ ಅಂದವು. ಆ ಪುಟಗಳಲ್ಲಿ ನಾನೂ ಅಡ್ಡ ಗೆರೆ ಎಳೆದ ಹಾಗಾಯಿತು. ಊರಿನ ಹೆಸರು ಇಲ್ಲಿ ಬರೆಯದೆ ಇರುವುದಕ್ಕೂ ಇದೇ ಕಾರಣ.

ಕಮಿಟಿಯ ಜೊತೆ ಕೊನೆಯ ಜಗ್ಗಾಟ ವರ್ಷದ್ದು. ಬ್ಯಾನರಿಗೆ ಒಂದು ಇಸವಿ ಬೇಕಲ್ಲ. ನಾನು 1893 ಅಂದೆ. ಒಬ್ಬ ಹಿರಿಯರು, ಕೋಲಾರದ ಮಿಷನ್ ಕೈ ಬದಲಾದ 1890 ಹಾಕಿ, ದೊಡ್ಡದಾಗಿ ಕಾಣುತ್ತೆ ಅಂದರು. ಇನ್ನೊಬ್ಬರು ಬರದ ವರ್ಷದಿಂದಲೇ ಎಣಿಸಿ ಅಂದರು. ಹಾಗೆ ಬಿಟ್ಟರೆ ವೆಸ್ಲಿಯವರ ತನಕ ಹೋಗುತ್ತಿದ್ದರೋ ಏನೋ. ಕೊನೆಗೆ ಬ್ಯಾನರಿನಲ್ಲಿ "ಕಟ್ಟಡಕ್ಕೆ ನೂರು ವರ್ಷ, 1911–2011" ಅಂತ ಹಾಕಿದೆವು. ಪುಸ್ತಕದ ಮೊದಲ ಪುಟದಲ್ಲಿ ಮೂರೂ ಇಸವಿ ಕೊಟ್ಟು, ಯಾವುದು ಯಾತರದ್ದು ಅಂತ ಬರೆದೆ. ಹಬ್ಬದ ದಿನ ಭಾಷಣ ಮಾಡಿದವರೆಲ್ಲ ನೂರು ವರ್ಷದ ಸಭೆ ಅಂತಲೇ ಹೇಳಿದರು. ಅದನ್ನು ತಡೆಯೋಕೆ ಆಗಲ್ಲ.

96 ಪುಟ, 500 ಪ್ರತಿ. ಅಚ್ಚಿನ ಕೆಲಸದ ಬಗ್ಗೆ ಹೇಳುವಂಥದ್ದು ಏನಿಲ್ಲ. ಕರಡು ತಿದ್ದಲು ಸಭೆಯ ಹೊರಗಿನ ಒಬ್ಬರಿಗೆ ಕೊಡಿ. ನಮ್ಮ ಕಣ್ಣಿಗೆ ನಮ್ಮ ತಪ್ಪು ಕಾಣಲ್ಲ. ಅಷ್ಟು ಮಾಡಿಯೂ 31ನೇ ಪುಟದಲ್ಲಿ 1911 ಇರಬೇಕಾದ ಕಡೆ 1917 ಅಂತ ಬಿದ್ದುಬಿಟ್ಟಿದೆ. ನಗಬೇಡಿ.

ಕೆ.ಜಿ.ಎಫ್. ಅಜ್ಜಿಗೆ ಒಂದು ಪ್ರತಿ ನಾನೇ ಕೊಂಡೊಯ್ದೆ. ಮೊಮ್ಮಗ ಅವರ ತಾಯಿಯ ಹೆಸರು ಇರುವ ಪುಟ ತೆಗೆದು ಓದಿದ. ಅಜ್ಜಿ ಎರಡು ಸಲ ಓದಿಸಿದರು. ಆಮೇಲೆ ಒಳಗೆ ಹೋಗಿ ಒಂದು ತಗಡಿನ ಪೆಟ್ಟಿಗೆ ತಂದು ನನ್ನ ಮುಂದಿಟ್ಟರು. ಮೊದಲ ಸಲ ಬಂದಾಗ ಅದರ ಮಾತೇ ಎತ್ತಿರಲಿಲ್ಲ. ಒಳಗೆ ದಾರ ಕಟ್ಟಿದ ಕಾಗದಗಳು, ಅವರ ತಾಯಿ ಬರೆದಿಟ್ಟುಕೊಂಡ ದಿನದ ಲೆಕ್ಕ: ಯಾವ ಊರು, ಯಾರ ಮನೆ, ಏನು ಮಾತು. ಎಲ್ಲ ತೆಲುಗಿನಲ್ಲಿ. ನಾನು ಮನೆಯಲ್ಲಿ ಆಡುವುದು ತೆಲುಗೇ, ಓದಲು ಬರಲ್ಲ. ಕೋಲಾರದ ಕಡೆ ಅರ್ಧ ಜನ ಹೀಗೇ.

ಈಗ ತೆಲುಗು ಓದಲು ಬರುವ ರಿಟೈರ್ಡ್ ಮೇಷ್ಟ್ರೊಬ್ಬರ ಮನೆಗೆ ಪ್ರತಿ ಗುರುವಾರ ಹೋಗುತ್ತೇನೆ. ಅವರು ಓದುತ್ತಾರೆ, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ವಾರಕ್ಕೆ ಎರಡು ಹಾಳೆ ಆಗುತ್ತೆ. ಆಕೆ ಒಂದು ಹೆರಿಗೆಯ ಬಗ್ಗೆ ಬರೆದದ್ದು ಹೋದ ವಾರ ಅರ್ಧಕ್ಕೆ ನಿಂತಿದೆ. ಹಾಳೆಯ ಕೆಳಭಾಗ ಗೆದ್ದಲು ತಿಂದಿದೆ. ಮುಂದಿನ ಹಾಳೆ ಬೇರೆ ಊರಿನದು.